ಎರಡು ನಿಮಿಷದ ಭಯಕ್ಕೆ ಮೂರು ಬಗೆಯ ಕತ್ತಲು

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ನಮಗೆ ಕೊಟ್ಟ ಕೆಲಸ ಹೇಳಲಿಕ್ಕೆ ಸಣ್ಣದು: ಥ್ರಿಲ್ಲರ್ ಸಿನಿಮಾವೊಂದರ ಮೊದಲ 2 ನಿಮಿಷ. ಕತೆ ಮುಗಿಯಬೇಕಾಗಿಲ್ಲ, ಟೈಟಲ್ ಮಾತ್ರ ಅದರೊಳಗೇ ಬರಬೇಕು. ಕ್ಲಾಸಿನ ಅರ್ಧ ಜನ ಕೇಳಿದ ತಕ್ಷಣ ಆಗುಂಬೆ ಅಂದರು. 14 ಹೇರ್‌ಪಿನ್ ತಿರುವು, ಮಂಜು, ಮಳೆ, ಇನ್ನೇನು ಬೇಕು? ನನಗೂ ಹಾಗೇ ಅನ್ನಿಸಿತ್ತು. ಆದರೆ ಆ ಮಳೆ ಇರೋದು ಜೂನ್‌ನಿಂದ. ನಮ್ಮ ಶೂಟಿಂಗ್ ಡಿಸೆಂಬರಿನಲ್ಲಿ. ಕಾಡಿನೊಳಗೆ ಕ್ಯಾಮೆರಾ ಇಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ಶಿವಮೊಗ್ಗದಿಂದ ಬಸ್ ಹತ್ತಿ ತೀರ್ಥಹಳ್ಳಿ ಕಡೆಯ ದೊಡ್ಡಪ್ಪನ ಮನೆಗೆ ಹೋದೆ. ಅಲ್ಲಿ ಅಡಿಕೆ ಕೊಯ್ಲು ನಡೀತಿತ್ತು.

ಕತೆ ಸಿಕ್ಕಿದ್ದು ಅಲ್ಲೇ. ರಾತ್ರಿ ಊಟ ಆದಮೇಲೆ ಚಪ್ಪರದಡಿ ಬಲ್ಬು ಹಾಕಿಕೊಂಡು ಏಳೆಂಟು ಜನ ಮೆಟ್ಟುಗತ್ತಿ (ಮಣೆಗೆ ಅಲಗು ನಿಲ್ಲಿಸಿದ ಕತ್ತಿ) ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಹತ್ತೂವರೆಗೆ ಎಲ್ಲರೂ ಎದ್ದು ಹೋಗುತ್ತಾರೆ. ಬಲ್ಬು ಆರುತ್ತದೆ. ಆಮೇಲೆ, ಖಾಲಿ ಚಪ್ಪರದಿಂದ ಅಡಿಕೆ ಸುಲಿಯುವ ಸದ್ದು ಬರುತ್ತದೆ. ಇಷ್ಟೇ ಕತೆ. ಮನೆಯ ಹುಡುಗಿ ಎದ್ದು ಬಂದು ನೋಡುತ್ತಾಳೆ. ಹುಡುಗಿ ನನ್ನ ಚಿಕ್ಕಪ್ಪನ ಮಗಳು. ದಿನಕ್ಕೊಂದು ಮಸಾಲೆ ದೋಸೆ ಅವಳ ಸಂಭಾವನೆ.

ಮೊದಲ ಜಗಳ ಕತ್ತಲಿನದ್ದು. ಮೂರು ದಾರಿ ಇತ್ತು, ಮೂರನ್ನೂ ಮಾಡಿ ನೋಡಿದೆ.

ನಿಜವಾದ ರಾತ್ರಿಯಲ್ಲೇ ತೆಗೆಯೋದು ಪ್ರಾಮಾಣಿಕ ಅನ್ನಿಸುತ್ತದೆ. ಕಣ್ಣಿಗೆ ಆ ತೋಟ ಎಷ್ಟು ಚೆಂದ ಹೆದರಿಸುತ್ತಿತ್ತು ಅಂದರೆ, ಟ್ರೈಪಾಡ್ ಹೊತ್ತುಕೊಂಡು ಬಾವಿ ದಾಟಲು ನನಗೇ ಧೈರ್ಯ ಸಾಲಲಿಲ್ಲ. ಕ್ಯಾಮೆರಾಗೆ ಅದ್ಯಾವುದೂ ಕಾಣಲಿಲ್ಲ. ಐಎಸ್ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 3200ಕ್ಕೆ ಏರಿಸಿದರೆ ಕಪ್ಪು ಜಾಗದಲ್ಲೆಲ್ಲ ಇರುವೆ ಹರಿದ ಹಾಗೆ ಕಾಳುಕಾಳು. ಏರಿಸದಿದ್ದರೆ ಬರೀ ಮಸಿ. ನಮ್ಮ ಕಣ್ಣು ಹತ್ತು ನಿಮಿಷದಲ್ಲಿ ಕತ್ತಲಿಗೆ ಒಗ್ಗಿಕೊಂಡು ಅಡಿಕೆ ಮರದ ಸಾಲು ಗುರುತಿಸುತ್ತದೆ. ಸೆನ್ಸರಿಗೆ ಆ ಒಗ್ಗುವಿಕೆ ಇಲ್ಲ. ಬಲ್ಬು ಹಾಕಿದರೆ ಇನ್ನೊಂದು ತಾಪತ್ರಯ: ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ಸೆಕೆಂಡಿನ 1/60ರಲ್ಲಿ ಬಿಟ್ಟಿದ್ದರಿಂದ ಮೊದಲ ರಾತ್ರಿಯ ಶಾಟುಗಳಲ್ಲೆಲ್ಲ ಪಟ್ಟೆಪಟ್ಟೆ ಓಡಾಡುತ್ತಿದ್ದವು. 1/50ಕ್ಕೆ, ಅಂದರೆ ಸರಿಯಾಗಿ ಎರಡು ಮಿಣುಕಿಗೆ, ಇಟ್ಟಮೇಲೆ ನಿಂತಿತು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಒಂದು ರಾತ್ರಿ ಹಾಳಾದ ಮೇಲೇ ತಲೆಗೆ ಹತ್ತಿದ್ದು.

ಎರಡನೆಯದು ಹಗಲಲ್ಲೇ ತೆಗೆದು ರಾತ್ರಿ ಮಾಡೋದು. ಹಳೇ ಸಿನಿಮಾಗಳ ಕಾಲದಿಂದ ಇರೋ ಉಪಾಯ. ಎಕ್ಸ್‌ಪೋಶರನ್ನು 2 ಸ್ಟಾಪ್ ಇಳಿಸಿದರೆ ಬೆಳಕು ಕಾಲು ಭಾಗಕ್ಕೆ ಬರುತ್ತದೆ, ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಟ್ಟರೆ ಹಗಲು ನೀಲಿಯಾಗುತ್ತದೆ, ಆಕಾಶವನ್ನು ಫ್ರೇಮಿನಿಂದ ಹೊರಗಿಟ್ಟರೆ ಬೆಳದಿಂಗಳು ಅಂತ ನಂಬಿಸಬಹುದು. ಮೋಡದ ಬೆಳಗಿನಲ್ಲಿ ತೆಗೆದ ಎರಡು ಶಾಟು ನಂಬುವ ಹಾಗೇ ಇದ್ದವು. ಬಿಸಿಲು ಬಂದಮೇಲೆ ಕೆಟ್ಟಿತು. ಅಡಿಕೆ ಸೋಗೆಯ ನಡುವಿನಿಂದ ಬಿಸಿಲು ಕಾಸಿನಗಲ ಕಾಸಿನಗಲವಾಗಿ ನೆಲಕ್ಕೆ ಬೀಳುತ್ತದೆ. ಅದನ್ನು ಎಷ್ಟು ಕಪ್ಪು ಮಾಡಿದರೂ ಬಿಸಿಲೇ. ತಂಗಿಯ ಕೈಯಲ್ಲಿದ್ದ ಟಾರ್ಚು ಉರಿಯುತ್ತಿದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ದೊಡ್ಡಪ್ಪ ಒಮ್ಮೆ ನಿಂತು ನೋಡಿ, “ಎಂತ ಮಾರಾಯ್ತಿ, ಮಧ್ಯಾಹ್ನ ಹನ್ನೆರಡಕ್ಕೆ ಟಾರ್ಚ್ ಹಿಡ್ಕಂಡು ಎಂತ ಹುಡುಕ್ತಿದಾಳೆ ಇವಳು?” ಅಂದರು. ಶಾಟಿನ ಮಧ್ಯೆ ಕೋಳಿಯೊಂದು ನೆಮ್ಮದಿಯಾಗಿ ಕೆದಕಿಕೊಂಡು ಹೋಯಿತು. ಅದನ್ನು ಡಿಲೀಟ್ ಮಾಡಿಲ್ಲ, ಬೇಜಾರಾದಾಗ ನೋಡುತ್ತೇನೆ.

ಮೂರನೆಯದು ಮುಸ್ಸಂಜೆ. ಸೂರ್ಯ ಮುಳುಗಿದ ಮೇಲೆ ನಮ್ಮ ಕಡೆ ಸಿಗೋದು ಹೆಚ್ಚೆಂದರೆ 20–25 ನಿಮಿಷ. ಆಗ ಆಕಾಶ ಗಾಢ ನೀಲಿ, ಚಪ್ಪರದ ಬಲ್ಬು ಅರಿಶಿನದ ಬಣ್ಣ, ಮರಗಳಿಗಿನ್ನೂ ಅಂಚು ಉಳಿದಿರುತ್ತದೆ. ಸ್ಕ್ರೀನಿನ ಮೇಲೆ ಇದು ನಿಜವಾದ ರಾತ್ರಿಗಿಂತ ಹೆಚ್ಚು ರಾತ್ರಿಯಾಗಿ ಕಾಣುತ್ತದೆ. ಕಷ್ಟ ಏನೆಂದರೆ ದಿನಕ್ಕೆ ಮೂರು ಶಾಟು ಆದರೆ ಪುಣ್ಯ. ನಾಲ್ಕು ಸಂಜೆ ಹಿಡಿಯಿತು. ಮೂರನೇ ಸಂಜೆ ನಾವು ಲೆನ್ಸ್ ಒರೆಸುವಷ್ಟರಲ್ಲೇ ಕಪ್ಪಾಯಿತು. ಹಾಗಿದ್ದೂ ಹೊರಗಿನ ಶಾಟುಗಳಿಗೆ ಇದನ್ನೇ ಆರಿಸಿದೆ. ಚಪ್ಪರದ ಒಳಗಿನ, ಟಾರ್ಚಿನ ಶಾಟುಗಳಿಗೆ ಮಾತ್ರ ನಿಜ ರಾತ್ರಿ. ಹಗಲಿನದ್ದು ಒಂದೂ ಉಳಿಯಲಿಲ್ಲ.

ಕ್ಯಾಮೆರಾ ವಿಷಯಕ್ಕೆ ಜನ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಹತ್ತಿರ ಇದ್ದದ್ದು ನನ್ನ ಫೋನು, ಮತ್ತೆ ಗೆಳೆಯನ ಹಳೇ ಡಿಎಸ್‌ಎಲ್‌ಆರ್, ಅದಕ್ಕೊಂದು 50 ಎಂಎಂ ಎಫ್ 1.8 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ). ಅದೇ ಕ್ಯಾಮೆರಾದ ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದರೆ 5.6, ಅದಕ್ಕಿಂತ 1.8ರಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಟಾರ್ಚಿನ ಬೆಳಕಲ್ಲಿ ತಂಗಿಯ ಮುಖಕ್ಕೆ ಇದನ್ನು ಬಿಟ್ಟರೆ ಬೇರೆ ಇಲ್ಲ. ಆದರೆ ಚಪ್ಪರ ಪೂರ್ತಿ ಫ್ರೇಮಿಗೆ ಬರಬೇಕಾದರೆ ಹಿಂದೆ ಹಿಂದೆ ಸರಿದು ಕೊಟ್ಟಿಗೆಯ ಗೋಡೆಗೆ ಬೆನ್ನು ತಾಗಿತು, ಆಗಲೂ ಅರ್ಧ ಚಪ್ಪರವೇ. ಅಗಲದ ಶಾಟುಗಳೆಲ್ಲ ಫೋನಿನವು. ಫೋನಿನಲ್ಲಿ ತೆಗೆಯುವವರಿಗೆ ಒಂದು ಮಾತು: ಬೆಳಕು ಕಮ್ಮಿಯಾದರೆ ಅದು ಕೇಳದೆಯೇ ಫ್ರೇಮ್ ರೇಟ್ ಇಳಿಸಿಬಿಡುತ್ತದೆ. ಬೇರೆ ರೆಕಾರ್ಡ್ ಮಾಡಿದ ಸದ್ದನ್ನು ಜೋಡಿಸಲು ಕೂತರೆ ಬಾಗಿಲು ಮುಚ್ಚಿದ ಮೇಲೆ ಮುಚ್ಚಿದ ಸದ್ದು ಬರುತ್ತದೆ. ಮ್ಯಾನ್ಯುಯಲ್ ಮೋಡ್ ಇರುವ ಆಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮಿಗೆ ಕಟ್ಟಿ ಹಾಕಬೇಕು.

ಟೈಟಲ್‌ಗೆ ಮೊದಲು ಫಾಂಟ್ ಬಳಸಿದೆ. ಒಂದು ಆಪ್‌ನಲ್ಲಿ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಿದ್ದು ಹೆಸರುಗಳೇ ಬದಲಾಗಿದ್ದವು. ಇನ್ನೊಂದರಲ್ಲಿ ಸರಿ ಬಂದರೂ ಮದುವೆ ಕರೆಯೋಲೆಯ ಹಾಗಿತ್ತು. ಕೊನೆಗೆ ಒಣಗಿದ ಅಡಿಕೆ ಹಾಳೆಯ ಮೇಲೆ ಒಲೆಯ ಇದ್ದಿಲಿನಿಂದ ಬರೆದು, ಟಾರ್ಚನ್ನು ಒಂದು ಬದಿಯಿಂದ ಹಿಡಿದು ಶೂಟ್ ಮಾಡಿದೆ. ಹಾಳೆಯ ಗೆರೆಗಳ ಮೇಲೆ ಅಕ್ಷರ ತಾನೇ ಅಲ್ಲಲ್ಲಿ ಹರಿಯಿತು. ಖರ್ಚು ಸೊನ್ನೆ.

ಎಡಿಟಿಂಗ್‌ನಲ್ಲಿ ಎರಡು ರೂಪ ಮಾಡಿದೆ. ಮೊದಲನೆಯದರಲ್ಲಿ ನೋಡುವವರಿಗೆ ಏನೂ ಗೊತ್ತಿಲ್ಲ: ಹುಡುಗಿ ಸದ್ದು ಕೇಳಿ ಬರುತ್ತಾಳೆ, ಟಾರ್ಚ್ ತಿರುಗಿಸುತ್ತಾಳೆ, ಹಿಂದಿನಿಂದ ಕೈಯೊಂದು ಬರುತ್ತದೆ, ಢಂ. ಎರಡನೆಯದರಲ್ಲಿ ಎಲ್ಲ ಮೊದಲೇ ಹೇಳಿಬಿಡುತ್ತೇನೆ: ಎಲ್ಲರೂ ಎದ್ದು ಹೋಗುವುದು, ಏಳು ಮೆಟ್ಟುಗತ್ತಿಗಳನ್ನು ಗೋಡೆಗೆ ಒರಗಿಸುವುದು, ಬೇಲಿಯ ದಣಪೆ ಹಾಕುವುದು. ಆಮೇಲೆ ಖಾಲಿ ಚಪ್ಪರ, ಕ್ಯಾಮೆರಾ ಅಲುಗದೆ 11 ಸೆಕೆಂಡು. ಹುಡುಗಿ ಬರುವ ಹೊತ್ತಿಗೆ ಅಲ್ಲಿ ಯಾರೂ ಇರಕೂಡದು ಅಂತ ನಮಗೆ ಗೊತ್ತು, ನಿದ್ದೆಗಣ್ಣಿನ ಅವಳಿಗೆ ಅದರ ಯೋಚನೆ ಇಲ್ಲ. ಮೇಜಿನಡಿಯ ಬಾಂಬನ್ನು ಪ್ರೇಕ್ಷಕರಿಗೆ ಮೊದಲೇ ತೋರಿಸಿದರೆ 15 ಸೆಕೆಂಡಿನ ಬೆಚ್ಚು 15 ನಿಮಿಷದ ತಳಮಳ ಆಗುತ್ತದೆ ಅಂತ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದನ್ನು ಕ್ಲಾಸಿನಲ್ಲಿ ಎಷ್ಟು ಸಲ ಕೇಳಿದ್ದೆವೋ. ಪರೀಕ್ಷಿಸಿದ್ದು ಈಗ. ಮೊದಲ ರೂಪಕ್ಕೆ ಗೆಳೆಯರು ಕುರ್ಚಿ ಬಿಟ್ಟು ಹಾರಿದರು. ಎರಡನೇ ಸಲ ಹಾಕಿದಾಗ ನಕ್ಕರು. ಇನ್ನೊಂದಕ್ಕೆ ಯಾರೂ ಹಾರಲಿಲ್ಲ. ಆದರೆ ಮೊಬೈಲ್ ಒತ್ತುತ್ತಿದ್ದವನೊಬ್ಬ ಆ 11 ಸೆಕೆಂಡಿನಲ್ಲಿ ಅದನ್ನು ತೊಡೆಯ ಮೇಲೆ ಬೋರಲು ಇಟ್ಟ. ನನಗೆ ಅಷ್ಟು ಸಾಕಿತ್ತು, ಆ ಕೈಯನ್ನು ಕತ್ತರಿಸಿ ಬಿಸಾಕಿದೆ.

ಉಳಿದದ್ದು ಸದ್ದು. ನಿಜ ಹೇಳಬೇಕೆಂದರೆ ಇಡೀ ಕೆಲಸ ಇದ್ದದ್ದೇ ಅದರಲ್ಲಿ.

ಪುಕ್ಕಟೆ ಸಿಗುವ ಸಂಗೀತವನ್ನು ಮೊದಲು ಹಾಕಿದೆ. ಗುಂಯ್ ಅನ್ನೋ ಒಂದು ಎಳೆತ, ನಡುವೆ ಎದೆಬಡಿತ. ಮನೆಯ ಚಪ್ಪರ ಹೋಗಿ ಯಾವುದೋ ಧಾರಾವಾಹಿಯ ಚಪ್ಪರವಾಯಿತು. ಕಿತ್ತು ಹಾಕಿದೆ. ಆಮೇಲೆ ದೊಡ್ಡಮ್ಮ ಸುಲಿಯುವ ಸದ್ದನ್ನೇ ಹಿಡಿಯೋಣ ಅಂತ ಕಾಲರ್ ಮೈಕನ್ನು ಮೆಟ್ಟುಗತ್ತಿಯ ಮಣೆಗೆ ಕಟ್ಟಿದೆ. ಈಗ ಸುಲಿಯುವ ಯಂತ್ರ ಬಂದಿದೆ, ಮೆಟ್ಟುಗತ್ತಿಯ ಸದ್ದು ಎಷ್ಟು ಮನೆಯಲ್ಲಿ ಉಳಿದೀತೋ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಅದು ಒಂದು ಸದ್ದಲ್ಲ. ಕಾಯಿ ಅಲಗಿಗೆ ಕಚ್ಚುವ ಕಚಕ್, ಸಿಪ್ಪೆ ಬಿಡುವ ಸರ್ರ್, ಅಡಿಕೆ ಬುಟ್ಟಿಗೆ ಬೀಳುವ ಟಪ್. ಮೂರ್ನಾಲ್ಕು ಕಾಯಿ ಬಿರಬಿರನೆ, ಆಮೇಲೆ ಸಿಪ್ಪೆ ಪಕ್ಕಕ್ಕೆ ತಳ್ಳಲು ಒಂದು ಬಿಡುವು, ಬಾಯಲ್ಲಿನ ಎಲೆಯಡಿಕೆ ಕವಳ ಆಚೆ ದವಡೆಗೆ ಹೊರಳಿಸುವ ಇನ್ನೊಂದು ಬಿಡುವು. ಬಹಳ ಚೆನ್ನಾಗಿತ್ತು. ಆದರೆ ಶಿವಮೊಗ್ಗದಲ್ಲಿ ತೋರಿಸಿದಾಗ ಪೇಟೆಯ ಗೆಳೆಯರಿಗೆ ಅದು ಇಲಿ ಓಡಾಡಿದ ಹಾಗೆ ಕೇಳಿತು.

ಅದಕ್ಕೇ ರೂಮಿನಲ್ಲಿ ಕೂತು ಕಳ್ಳಸದ್ದು ಮಾಡಿದೆ. ಒಣಗಿದ ತೆಂಗಿನಸಿಪ್ಪೆ ಸೀಳಿ, ಅಡಿಕೆಯನ್ನು ಬುಟ್ಟಿಗೆ ಹಾಕಿ, ಒಂದೇ ಲಯದಲ್ಲಿ. ಕಚಕ್. ಟಪ್. ಕಚಕ್. ಟಪ್. ಸ್ಪಷ್ಟವಾಗಿತ್ತು, ಗೆಳೆಯರೆಲ್ಲ ಹೆದರಿದರು. ಹೋಲಿಕೆ ಅಲ್ಲಿಗೆ ಮುಗೀತು, ಸುಳ್ಳೇ ಗೆದ್ದಿತು ಅಂದುಕೊಂಡೆ.

ಸಂಕ್ರಾಂತಿಗೆ ಊರಿಗೆ ಹೋದಾಗ ದೊಡ್ಡಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅವರು ಚಿತ್ರ ನೋಡಲೇ ಇಲ್ಲ, ತಲೆ ಬಗ್ಗಿಸಿ ಕೇಳಿಸಿಕೊಂಡರು.

“ಇದು ನಂದಲ್ಲ.”

“ಅಲ್ಲ ದೊಡ್ಡಮ್ಮ, ಬೇರೆ ಮಾಡಿದ್ದು.”

“ಅಡಿಕೆ ಸುಲಿಯೋ ಕೈಯೇ ಅಲ್ಲ ಇದು. ಯಾರೋ ಸುಲಿದ ಹಾಗೆ ಮಾಡ್ತಾ ಕೂತಿದಾರೆ.”

ಅವತ್ತು ರಾತ್ರಿ ಅಲ್ಲೇ ಟೈಮ್‌ಲೈನ್ ಬಿಚ್ಚಿದೆ. ಜನ ಕೂತಿರುವ ಮೊದಲ ಭಾಗಕ್ಕೆಲ್ಲ ದೊಡ್ಡಮ್ಮನ ಸದ್ದು, ಬಿಡುವುಗಳ ಸಮೇತ. ಬಲ್ಬು ಆರಿದ ಮೇಲೆ ನನ್ನದು. ಬೆಳಿಗ್ಗೆ ಮತ್ತೆ ತೋರಿಸಿದಾಗ ಪೂರ್ತಿ ನೋಡಿದರು, ಏನೂ ಹೇಳಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಚಪ್ಪರಕ್ಕೆ ಹೋಗಿ ಏಳೂ ಮೆಟ್ಟುಗತ್ತಿಗಳನ್ನು ಒಂದೊಂದಾಗಿ ಒಳಗೆ ತಂದು ಕೋಣೆಯಲ್ಲಿಟ್ಟು ಅಗಳಿ ಹಾಕಿದರು.