ಸೊಂಟದ ಮೂಳೆ ಆಪರೇಷನ್‌ಗೆ ಯಾವ ಅನಸ್ತೇಶಿಯಾ (ಅರಿವಳಿಕೆ), ಸ್ಪೈನಲ್ಲಾ, ಜನರಲ್ಲಾ?
ಸ್ಪೈನಲ್ ಅಂದ್ರೆ ಬೆನ್ನಿಗೆ ಒಂದು ಸೂಜಿ, ಸೊಂಟದಿಂದ ಕೆಳಗೆ ಮರಗಟ್ಟುತ್ತೆ ಅಷ್ಟೇ. ಜನರಲ್‌ನಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿ ಸಾಮಾನ್ಯವಾಗಿ ಗಂಟಲಿಗೆ ಟ್ಯೂಬ್ ಹಾಕ್ತಾರೆ, ಎದ್ಮೇಲೆ ವಾಕರಿಕೆ, ಗಂಟಲು ನೋವು ಇರಬಹುದು. ಸ್ಪೈನಲ್ಲೇ ಸೇಫ್ ಅಂತ ನಾನೂ ನಂಬ್ಕೊಂಡಿದ್ದೆ, ಆದ್ರೆ 2021ರಲ್ಲಿ ಬಂದ ರಿಗೇನ್ ಅನ್ನೋ ಸ್ಟಡೀಲಿ 50 ದಾಟಿದ, ಸೊಂಟ ಮುರ್ಕೊಂಡಿದ್ದ 1,600 ಜನರನ್ನ ನೋಡಿದ್ರೆ, 60 ದಿನದಲ್ಲಿ ತೀರಿಕೊಂಡೋರು ಅಥವಾ ತಾವಾಗೇ ನಡೆಯೋಕಾಗದೋರು ಸ್ಪೈನಲ್‌ನಲ್ಲಿ ಶೇ. 18.5, ಜನರಲ್‌ನಲ್ಲಿ ಶೇ. 18, ಅಂದ್ರೆ ವ್ಯತ್ಯಾಸನೇ ಇಲ್ಲ ಅನ್ನಿ, ಆಪರೇಷನ್ ಆದ್ಮೇಲೆ ಬುದ್ಧಿ ಗಲಿಬಿಲಿ ಆಗೋದೂ ಹೆಚ್ಚುಕಮ್ಮಿ ಅಷ್ಟೇ. ಮೊದಲ ದಿನದ ನೋವಂತೂ ಸ್ಪೈನಲ್‌ನೋರಿಗೇ ಸ್ವಲ್ಪ ಜಾಸ್ತಿ ಇತ್ತಂತೆ, ವಿಚಿತ್ರ! ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಸ್ಪೈನಲ್ ಕೊಡೋದು ಕಷ್ಟ. ಶ್ವಾಸಕೋಶ ವೀಕ್ ಇದ್ರೆ ನಾನಂತೂ ಸ್ಪೈನಲ್ ಕೇಳ್ತೀನಿ.