4294967297 ಮತ್ತು ಫ್ಯಾಕ್ಟ್ ಬಟನ್: ಆರು ತಿಂಗಳು ಬಳಸಿದ ಸೈಂಟಿಫಿಕ್ ಕ್ಯಾಲ್ಕುಲೇಟರ್

ವಿಜಯಪುರದ ಗಾಂಧಿ ಚೌಕದ ಬಳಿಯ ಸ್ಟೇಷನರಿ ಅಂಗಡಿಯೊಂದರಲ್ಲಿ 1,300 ರೂಪಾಯಿಗೆ ಕೊಂಡ ಈ ಕ್ಯಾಲ್ಕುಲೇಟರನ್ನು, ಮನೆಗೆ ಪಾಠಕ್ಕೆ ಬರುವ ಹತ್ತನೆಯ ತರಗತಿಯ ಮಕ್ಕಳೊಂದಿಗೆ ಆರು ತಿಂಗಳಿಂದ ಬಳಸುತ್ತಿದ್ದೇನೆ. ಹತ್ತು ಅಂಕಿಗಳವರೆಗಿನ ಪೂರ್ಣಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಿ ತೋರಿಸುವ ‘ಫ್ಯಾಕ್ಟ್’ ಬಟನ್ ಇದೆಯೆಂಬ ಒಂದೇ ಕಾರಣಕ್ಕೆ ಇದನ್ನು ಆರಿಸಿದ್ದೆ. “ಇಲ್ಲೇ ಚೆಕ್ ಮಾಡಿ ತಗೋರಿ ಸರ್” ಎಂದು ಅಂಗಡಿಯವರು ಡಬ್ಬಿ ಬಿಚ್ಚಿ ಕೊಟ್ಟಾಗ ನಾನು ಒತ್ತಿದ್ದು 2ರ 32ನೆಯ ಘಾತಕ್ಕೆ 1 ಕೂಡಿಸಿದರೆ ಬರುವ 4294967297, ಅಂದರೆ 429 ಕೋಟಿ 49 ಲಕ್ಷ 67 ಸಾವಿರದ 297.

ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಂಖ್ಯೆ ನನಗೆ ತಿಳಿದಿಲ್ಲ. 2ರ ಘಾತವನ್ನು 1, 2, 4, 8, 16 ಎಂದು ಇಮ್ಮಡಿಸುತ್ತಾ ಪ್ರತಿ ಸಲ 1 ಕೂಡಿಸಿದರೆ ಇದೇ ಸಾಲಿನಲ್ಲಿ ಮೊದಲು ಬರುವ 3, 5, 17, 257, 65537 ಐದೂ ಅವಿಭಾಜ್ಯ ಸಂಖ್ಯೆಗಳಾದ್ದರಿಂದ, ಮುಂದಿನವೂ ಹಾಗೆಯೇ ಇರುತ್ತವೆಂದು 17ನೆಯ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದರು. ಆದರೆ ಆರನೆಯದಾದ ಇದು 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ತೋರಿಸಿದರು.

ಯಂತ್ರವು ಕ್ಷಣಾರ್ಧದಲ್ಲಿ 641×(6700417) ಎಂದು ತೋರಿಸಿತು. ಆ ಆವರಣ ಚಿಹ್ನೆಯನ್ನು ಗಮನಿಸಬೇಕು. ಯಂತ್ರ ಭಾಗಿಸಿ ನೋಡುವುದು ಮೂರಂಕಿಯ ಅವಿಭಾಜ್ಯಗಳವರೆಗೆ, ಅಂದರೆ 997ರವರೆಗೆ ಮಾತ್ರ. ಅದಕ್ಕೆ ಬಗೆಹರಿಯದೆ ಉಳಿದ ದೊಡ್ಡ ಸಂಖ್ಯೆಯನ್ನು ಹೀಗೆ ಆವರಣದೊಳಗೆ ಇಡುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಇದನ್ನು ನೋಡಿ 6700417 ಇನ್ನೂ ಒಡೆಯುತ್ತದೆ ಎಂದೇ ಬರೆದುಕೊಂಡಳು. ಜೊತೆಗೆ ಬಂದ ಕೈಪಿಡಿಯಲ್ಲಿ ಕನ್ನಡ ಇಲ್ಲದಿರುವುದರಿಂದ ಈ ತಪ್ಪು ಯಾರಿಂದಲೂ ಆಗಬಹುದು, ಮತ್ತು ನನ್ನ ಮಟ್ಟಿಗೆ ಈ ಯಂತ್ರದ ದೊಡ್ಡ ಕೊರತೆ ಇದೇ.

ಆದರೆ ಅದೇ ಕೊರತೆಯಿಂದ ನಮಗೆ ಒಂದು ಒಳ್ಳೆಯ ಪಾಠ ಸಿಕ್ಕಿತು. 4294967297ರ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 128ರ ಗುಣಕಕ್ಕೆ 1 ಕೂಡಿಸಿದ ರೂಪದಲ್ಲೇ ಇರಬೇಕೆಂಬ ನಿಯಮವಿದೆ. 641 ಕೂಡ 5×128+1. 6700417 ಒಡೆಯುವುದಾದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ ಅದರ ವರ್ಗಮೂಲದೊಳಗೆ ಇರಲೇಬೇಕು, ಆ ವರ್ಗಮೂಲ 2588ಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ ಈ ರೂಪದ ಅವಿಭಾಜ್ಯಗಳು 257, 641, 769, 1153, 1409 ಮಾತ್ರ, ಅವುಗಳಲ್ಲಿ ಮೊದಲ ಮೂರನ್ನು ಯಂತ್ರವೇ ನೋಡಿ ಮುಗಿಸಿದೆ. ಉಳಿದ ಎರಡು ಭಾಗಾಕಾರಗಳನ್ನು ಮಕ್ಕಳು ನೋಟುಪುಸ್ತಕದಲ್ಲಿ ಮಾಡಿದರು: 1153ರಿಂದ ಭಾಗಿಸಿದರೆ ಭಾಗಲಬ್ಧ 5811, ಶೇಷ 334, 1409ರಿಂದ ಭಾಗಿಸಿದರೆ ಭಾಗಲಬ್ಧ 4755, ಶೇಷ 622. 6700417 ಅವಿಭಾಜ್ಯವೆಂದು ಖಚಿತವಾದ ಮೇಲೆ ಆ ವಿದ್ಯಾರ್ಥಿನಿಯೇ ತನ್ನ ಪುಟದಲ್ಲಿದ್ದ ಆವರಣವನ್ನು ಅಳಿಸಿದಳು.

ಪರದೆ ಸ್ಪಷ್ಟವಾಗಿದೆ, ಬಟನ್‌ಗಳ ಮೇಲಿನ ಹಳದಿ ಅಕ್ಷರಗಳು ಮಾತ್ರ ಸಂಜೆಯ ಬೆಳಕಿನಲ್ಲಿ ಓದಲು ಕಷ್ಟ. ಕೊಳ್ಳುವವರು ಅಂಗಡಿಯಲ್ಲೇ 4294967297 ಒತ್ತಿ, ಆವರಣ ಬರುತ್ತದೆಯೇ ಎಂದು ನೋಡಿಕೊಂಡು ಹಣ ಕೊಡಿ.