ಪಾಠ ಮೈಸೂರಲ್ಲಿ, ಮಕ್ಕಳು ನಾಗಮಂಗಲದಲ್ಲಿ: ಜೂಮ್, ಮೀಟ್, ಯೂಟ್ಯೂಬ್, ಟೆಲಿಗ್ರಾಂ – ಯಾವುದು ನಡೆಯುತ್ತೆ?

ಕುವೆಂಪುನಗರದಲ್ಲೋ ಸರಸ್ವತಿಪುರಂನಲ್ಲೋ ಕೂತು ಎಸ್ಸೆಸ್ಸೆಲ್ಸಿ ಟ್ಯೂಷನ್ ಮಾಡುವವರಿಗೆ ಆನ್‌ಲೈನ್ ಪಾಠ ಎಂದ ತಕ್ಷಣ ನೆನಪಾಗುವುದು ಜೂಮ್. ಮಕ್ಕಳ ಮನೆಯಲ್ಲೂ ವೈಫೈ ಇದ್ದರೆ ಸರಿಯೇ. ಆದರೆ ಅರ್ಧ ಮಕ್ಕಳು ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿದ್ದರೆ ಲೆಕ್ಕ ಬೇರೆ. ಮನೆಗೆ ಇರುವುದು ಒಂದೇ ಫೋನು. ಅದು ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ವಾಪಸು ಬರುತ್ತದೆ. ಆಮೇಲೆ ಊರಿಗೆ ಊರೇ ಒಂದೇ ಟವರಿನ ಮೇಲೆ ಬೀಳುತ್ತದೆ. ಆ ಹೊತ್ತಿಗೇ ಗಣಿತದ ಲೈವ್ ಕ್ಲಾಸ್ ಇಟ್ಟರೆ ಕೇಳಿಸುವುದು ಎರಡೇ ಮಾತು: ‘ಸಾರ್, ಕೇಳಿಸ್ತಾ ಇಲ್ಲ’, ‘ಸಾರ್, ಸ್ಟ್ರಕ್ ಆಗ್ತಿದೆ’.

ಇಲ್ಲಿನ ಹೋಲಿಕೆ ಕನ್ನಡ ಮಾಧ್ಯಮದ ಹತ್ತನೇ ತರಗತಿಯ ಗಣಿತಕ್ಕೆ ಸೀಮಿತ. ಥೇಲ್ಸ್ ಪ್ರಮೇಯ, ವರ್ಗ ಸಮೀಕರಣದಂಥ ಪಾಠಗಳನ್ನೇ ನಾಲ್ಕೂ ದಾರಿಯಲ್ಲಿ ಕಳಿಸಿ ನೋಡಿದ್ದು. ಎಲ್ಲವೂ ಉಚಿತ ಖಾತೆಗಳು.

ಜೂಮ್

ಮಾತಿಗೆ ಮಾತು ಕೊಟ್ಟು ಪಾಠ ಮಾಡಲು ಇದನ್ನು ಮೀರಿಸುವುದು ಇಲ್ಲ. ಕೈ ಎತ್ತುವುದು, ಒಬ್ಬರನ್ನೇ ಅನ್‌ಮ್ಯೂಟ್ ಮಾಡುವುದು, ಮಕ್ಕಳನ್ನು ಸಣ್ಣ ಗುಂಪುಗಳಾಗಿ ಬ್ರೇಕ್‌ಔಟ್ ರೂಮಿಗೆ ಕಳಿಸುವುದು ಎಲ್ಲವೂ ಉಚಿತ ಖಾತೆಯಲ್ಲೇ ಇದೆ. 100 ಜನರವರೆಗೆ ಸೇರಬಹುದು. ಕಂಪ್ಯೂಟರಿನಲ್ಲಿ ನಡೆಸಿದರೆ ರೆಕಾರ್ಡಿಂಗ್ ನೇರವಾಗಿ ಹಾರ್ಡ್‌ಡಿಸ್ಕಿಗೆ ಬೀಳುತ್ತದೆ. ಫೋನಿನಿಂದ ನಡೆಸಿದರೆ ಆ ಸೌಲಭ್ಯ ಇಲ್ಲ.

ತೊಂದರೆ 40 ನಿಮಿಷದ ಮಿತಿಯದು. ಪ್ರಮೇಯದ ಚಿತ್ರ ಬರೆದು, ದತ್ತ, ಸಾಧನೀಯ, ರಚನೆ ಮುಗಿಸಿ ಸಾಧನೆಗೆ ಕೈ ಹಾಕುವಾಗಲೇ ಎಲ್ಲರೂ ಹೊರಬೀಳುತ್ತಾರೆ. ಮತ್ತೆ ಸೇರಿಸಿಕೊಳ್ಳುವಷ್ಟರಲ್ಲಿ ಹತ್ತು ನಿಮಿಷ ಹೋಗುತ್ತದೆ, ಕೆಲವರು ಬರುವುದೇ ಇಲ್ಲ. ಹಾಗಾಗಿ ಜೂಮ್ ಪಾಠವನ್ನು 35 ನಿಮಿಷಕ್ಕೇ ಯೋಜಿಸಬೇಕು. ಇನ್ನೊಂದು ತೊಂದರೆ ಡೇಟಾದ್ದು. ವಿಡಿಯೊ ಆನ್ ಇದ್ದರೆ ಗಂಟೆಗೆ ಸುಮಾರು ಅರ್ಧ ಜಿಬಿಯಿಂದ ಒಂದು ಜಿಬಿ ಕುಡಿಯುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ ಅಣ್ಣ–ತಂಗಿ ಇಬ್ಬರ ಕ್ಲಾಸೂ ನಡೆಯಬೇಕಾದ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಬರೆದು ತೋರಿಸಲು ದುಬಾರಿ ಪೆನ್ ಟ್ಯಾಬ್ಲೆಟ್ ಬೇಕಿಲ್ಲ. ಹಳೆಯ ಫೋನ್ ಒಂದನ್ನು ಅದೇ ಮೀಟಿಂಗಿಗೆ ಎರಡನೇ ಸದಸ್ಯನಾಗಿ ಸೇರಿಸಿ, ಕಾಗದದ ಮೇಲೆ ತೂಗುಹಾಕಿ, ಹಿಂಬದಿ ಕ್ಯಾಮೆರಾ ಆನ್ ಮಾಡಿ, ಆ ವಿಡಿಯೊವನ್ನು ಎಲ್ಲರಿಗೂ ದೊಡ್ಡದಾಗಿ ಕಾಣುವಂತೆ ಸ್ಪಾಟ್‌ಲೈಟ್ ಮಾಡಿದರೆ ಮುಗಿಯಿತು. ಆ ಫೋನಿಗೆ ಆಡಿಯೊ ಜೋಡಿಸಲೇಬಾರದು. ಮ್ಯೂಟ್ ಮಾಡಿದರಷ್ಟೇ ಸಾಲದು, ಸ್ಪೀಕರ್ ದನಿ ಲ್ಯಾಪ್‌ಟಾಪಿನ ಮೈಕಿಗೆ ಹೋಗಿ ಪ್ರತಿಧ್ವನಿ ಏಳುತ್ತದೆ. ಮುಂಬದಿ ಕ್ಯಾಮೆರಾ ಬಳಸಿದರೆ ಅಕ್ಷರ ಉಲ್ಟಾ ಕಾಣುತ್ತದೆಂದು ಗಾಬರಿಯಾಗುವವರುಂಟು. ಉಲ್ಟಾ ಕಾಣುವುದು ನಿಮಗೆ ಮಾತ್ರ, ಮಕ್ಕಳಿಗೆ ಸರಿಯಾಗೇ ಕಾಣುತ್ತದೆ.

ಗೂಗಲ್ ಮೀಟ್

ಮೂರು ಅಥವಾ ಹೆಚ್ಚು ಜನ ಇದ್ದರೆ 60 ನಿಮಿಷ, ಇಬ್ಬರೇ ಆದರೆ 24 ಗಂಟೆ. ಹೆಚ್ಚಿನ ಆಂಡ್ರಾಯ್ಡ್ ಫೋನಿನಲ್ಲಿ ಜಿಮೇಲ್ ಖಾತೆ ಇದ್ದೇ ಇರುವುದರಿಂದ ಸೇರುವ ರಗಳೆ ಕಡಿಮೆ. ಉಚಿತ ಖಾತೆಯಲ್ಲಿ ರೆಕಾರ್ಡಿಂಗ್ ಇಲ್ಲದಿರುವುದು ದೊಡ್ಡ ಕೊರತೆ. ಕ್ಲಾಸ್ ತಪ್ಪಿಸಿಕೊಂಡ ಹುಡುಗನಿಗೆ ಕೊಡಲು ಏನೂ ಉಳಿಯುವುದಿಲ್ಲ. ಒಬ್ಬಿಬ್ಬರಿಗೆ ಹೇಳಿಕೊಡಲು, ಮತ್ತೊಮ್ಮೆ ಪರೀಕ್ಷೆಗೆ ಕೂತಿರುವ ಒಬ್ಬ ಹುಡುಗಿಯ ಜೊತೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಮೀಟ್ ಸಾಕು. ಇಡೀ ಬ್ಯಾಚಿಗೆ ಬೇಡ.

ಯೂಟ್ಯೂಬ್ ಲೈವ್

ಇದರ ಬಲ ಒಂದೇ, ಆದರೆ ದೊಡ್ಡದು: ನೋಡುವವರು ತಮ್ಮ ನೆಟ್‌ವರ್ಕಿಗೆ ತಕ್ಕ ಗುಣಮಟ್ಟ ತಾವೇ ಆರಿಸಿಕೊಳ್ಳಬಹುದು. ಮೈಸೂರಿನವನು 720ರಲ್ಲಿ, ಹಳ್ಳಿಯವಳು 144ರಲ್ಲಿ ಅದೇ ಪಾಠ ನೋಡುತ್ತಾರೆ. ನೆಟ್ ಹೋಗಿ ಬಂದರೆ ಹಿಂದಕ್ಕೆ ಎಳೆದು ಬಿಟ್ಟ ಜಾಗದಿಂದ ಹಿಡಿಯಬಹುದು. 12 ಗಂಟೆಯೊಳಗಿನ ಲೈವ್ ತಾನಾಗಿ ಚಾನೆಲ್ಲಿನಲ್ಲಿ ಉಳಿಯುತ್ತದೆ.

ಹೊಸಬರು ಎಡವುವುದು ಮೂರು ಕಡೆ. ಮೊದಲ ಸಲ ಲೈವ್ ಚಾಲೂ ಮಾಡಲು ಫೋನ್ ನಂಬರ್ ದೃಢೀಕರಿಸಿ 24 ಗಂಟೆಯವರೆಗೆ ಕಾಯಬೇಕಾಗಬಹುದು, ಕ್ಲಾಸಿನ ದಿನ ಬೆಳಿಗ್ಗೆ ಹೊರಟರೆ ಆಗುವುದಿಲ್ಲ. ಫೋನಿನ ಆ್ಯಪ್‌ನಿಂದ ಲೈವ್ ಹೋಗಲು ಕನಿಷ್ಠ 50 ಚಂದಾದಾರರಿರಬೇಕು. ಕಂಪ್ಯೂಟರಿನಿಂದ, ಒಬಿಎಸ್ ಎಂಬ ನೇರಪ್ರಸಾರದ ತಂತ್ರಾಂಶದ ಮೂಲಕ ಹೋದರೆ ಆ ಷರತ್ತಿಲ್ಲ. ಇನ್ನು ‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಆಯ್ಕೆ. ನಮ್ಮದು ಮಕ್ಕಳ ಪಾಠವಲ್ಲವೇ ಎಂದು ಅದನ್ನು ಒತ್ತಿದರೆ ಲೈವ್ ಚಾಟ್, ಕಮೆಂಟ್ ಎರಡೂ ಮುಚ್ಚಿಹೋಗುತ್ತವೆ. ಹತ್ತನೇ ತರಗತಿಯ ಪಾಠ ಚಿಕ್ಕ ಮಕ್ಕಳನ್ನು ಗುರಿಯಾಗಿಸಿದ್ದಲ್ಲ, ಅದನ್ನು ಒತ್ತಬೇಕಿಲ್ಲ.

ಚಾಟ್ ಇದ್ದರೂ ಗಣಿತಕ್ಕೆ ಅದು ಅಷ್ಟಕ್ಕಷ್ಟೇ. ನೀವು ಕೇಳಿದ ಪ್ರಶ್ನೆ ಮಕ್ಕಳನ್ನು ಮುಟ್ಟಿ, ಉತ್ತರ ತಿರುಗಿ ಬರುವುದರಲ್ಲಿ ಮುಂದಿನ ಹಂತ ಬರೆದಾಗಿರುತ್ತದೆ. ಲೇಟೆನ್ಸಿಯನ್ನು, ಅಂದರೆ ನೀವು ಬರೆದದ್ದು ಮಕ್ಕಳಿಗೆ ಕಾಣುವವರೆಗಿನ ತಡವನ್ನು, ‘ಅಲ್ಟ್ರಾ ಲೋ’ಗೆ ಇಟ್ಟರೆ ಅಂತರ ಕಡಿಮೆಯಾಗುತ್ತದೆ ನಿಜ, ಆದರೆ ನೆಟ್ ದುರ್ಬಲ ಇದ್ದವರಿಗೆ ವಿಡಿಯೊ ನಿಂತು ನಿಂತು ಹೋಗುತ್ತದೆ. ಯಾರಿಗಾಗಿ ಯೂಟ್ಯೂಬ್ ಹಿಡಿದೆವೋ ಅವರಿಗೇ ಪೆಟ್ಟು.

ರೆಕಾರ್ಡ್ ಮಾಡಿ ಕಳಿಸುವುದು

ನಮ್ಮ ಒಲವು ಇದರ ಕಡೆಗೆ. ಹತ್ತು ನಿಮಿಷಕ್ಕೆ ಒಂದು ಪರಿಕಲ್ಪನೆ, ಒಂದು ಫೈಲ್. ಹುಡುಗಿ ರಾತ್ರಿ ಇಳಿಸಿಕೊಂಡು ಬೆಳಿಗ್ಗೆ ಐದಕ್ಕೆ ಎದ್ದು ನೋಡಬಹುದು, ಅರ್ಥವಾಗದ ಹಂತವನ್ನು ಮತ್ತೆ ಮತ್ತೆ ಹಾಕಿಕೊಳ್ಳಬಹುದು. ಈ ಊರಿಗೆ ಇದು ಹೊಸತೂ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಮತ್ತು ತೆರಪಿನ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಮುಕ್ತಗಂಗೋತ್ರಿಯಲ್ಲಿ ನಿಂತದ್ದು. ಪಾಠ ಮೊದಲು ಮನೆಗೆ ಹೋಗುತ್ತದೆ, ಮುಖಾಮುಖಿ ಆಮೇಲೆ ಎಂಬ ಕ್ರಮ ಅಲ್ಲಿನದೇ.

ಡೇಟಾ ಲೆಕ್ಕ ನೋಡಿ. ವಿಡಿಯೊಗೆ ಸೆಕೆಂಡಿಗೆ 400 ಕಿಲೊಬಿಟ್ (ಕೆಬಿಪಿಎಸ್), ದನಿಗೆ 64 ಇಟ್ಟರೆ ಹತ್ತು ನಿಮಿಷದ ಫೈಲ್ ಸುಮಾರು 35 ಎಂಬಿ. ದಿನಕ್ಕೆ ಎರಡು ಪಾಠವಾದರೂ 70. ದಿನದ ಪ್ಯಾಕ್ ಮುಗಿದು ವೇಗ 64 ಕೆಬಿಪಿಎಸ್‌ಗೆ ಬಿದ್ದ ಮೇಲೆ ಲೈವ್ ನೋಡುವುದು ಕನಸು. ಆದರೆ 35 ಎಂಬಿ ಫೈಲ್ ಒಂದೂಕಾಲು ಗಂಟೆಯಲ್ಲಿ ತನ್ನಷ್ಟಕ್ಕೆ ತಾನು ಇಳಿದಿರುತ್ತದೆ.

ರೆಕಾರ್ಡ್ ಮಾಡುವ ಬಗೆ. ಫೋನನ್ನು ಕಾಗದದ ಮೇಲೆ, ಹಾಳೆಯ ಅಗಲ ಪರದೆ ತುಂಬುವಷ್ಟು ಎತ್ತರದಲ್ಲಿ, ಅಡ್ಡಲಾಗಿ, ಕಾಗದಕ್ಕೆ ಸಮಾನಾಂತರವಾಗಿ ನಿಲ್ಲಿಸಿ. ಎರಡು ಕಡೆ ಪುಸ್ತಕದ ರಾಶಿ, ನಡುವೆ ಎರಡು ಮರದ ಸ್ಕೇಲ್ ಇದ್ದರೂ ಆಯಿತು. ಎ4 ಹಾಳೆಯ ಆಕಾರ ಬೇರೆ, ವಿಡಿಯೊದ ಆಕಾರ ಬೇರೆ. ಹಾಳೆಯನ್ನು ಅಡ್ಡ ಇಟ್ಟು 28 ಸೆಂ.ಮೀ. ಅಗಲ, 15.5 ಸೆಂ.ಮೀ. ಎತ್ತರದ ಚೌಕಟ್ಟನ್ನು ಪೆನ್ಸಿಲಿನಲ್ಲಿ ಗೀಚಿ, ಅದರೊಳಗೇ ಬರೆಯಿರಿ. ಇಲ್ಲದಿದ್ದರೆ ಕೊನೆಯ ಎರಡು ಸಾಲು ಕ್ಯಾಮೆರಾದ ಹೊರಗಿರುತ್ತದೆ, ಅದು ಗೊತ್ತಾಗುವುದು ಪಾಠ ಮುಗಿದ ಮೇಲೆ.

ಅಕ್ಷರದ ಎತ್ತರ ಒಂದು ಸೆಂಟಿಮೀಟರ್ ಇರಲಿ. 480ರ ವಿಡಿಯೊದಲ್ಲಿ ಮೇಲಿಂದ ಕೆಳಗೆ ಇರುವುದು 480 ಗೆರೆ. 15.5 ಸೆಂ.ಮೀ.ಗೆ ಹಂಚಿದರೆ ಸೆಂಟಿಮೀಟರಿಗೆ ಸುಮಾರು 30. ನೋಟ್‌ಬುಕ್ಕಿನಲ್ಲಿ ಬರೆಯುವಂತೆ ಅರ್ಧ ಸೆಂಟಿಮೀಟರಿನಲ್ಲಿ ‘ವಿಸ್ತೀರ್ಣ’ ಎಂದು ಬರೆದರೆ ಆ ತ ಒತ್ತಿಗೆ ಸಿಗುವುದು ನಾಲ್ಕೈದು ಗೆರೆ, ಒಂದು ಚುಕ್ಕೆಯಾಗಿ ಕಾಣುತ್ತದೆ. ಎಕ್ಸ್ ಮೇಲಿನ ವರ್ಗದ 2 ಕೂಡ ಹಾಗೇ ಮಾಯವಾಗುತ್ತದೆ, ಹುಡುಗ ವರ್ಗ ಸಮೀಕರಣವನ್ನು ರೇಖಾತ್ಮಕ ಸಮೀಕರಣ ಎಂದು ನಕಲು ಮಾಡಿಕೊಳ್ಳುತ್ತಾನೆ. ಬಾಲ್ ಪೆನ್ ಬೇಡ, ತೆಳು ಸ್ಕೆಚ್ ಪೆನ್ನು ಅಥವಾ ದಪ್ಪ ಜೆಲ್ ಪೆನ್ನು ಬೇಕು.

ರೆಕಾರ್ಡಿಂಗಿಗೆ ಮುಂಚೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಪರದೆಯ ಮೇಲೆ ಹಾಳೆಯ ನಡುಭಾಗವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಲಾಕ್ ಮಾಡಿ. ಲಾಕ್ ಇಲ್ಲದಿದ್ದರೆ ಕೈ ಒಳಬಂದಾಗೆಲ್ಲ ಚಿತ್ರ ಬೆಳಗಾಗಿ ಕಪ್ಪಾಗಿ ಕುಣಿಯುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಮುಂಭಾಗದಲ್ಲಿರಬೇಕು. ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆ ಓಡಿದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಆರಿಸಿ, ನಮ್ಮ ಕರೆಂಟಿನ ಆವರ್ತನ ಅದು. ಫ್ಯಾನ್ ಆಫ್. ಮೈಕಿಗೆ ವೈರ್ ಇಯರ್‌ಫೋನ್ ಸಾಕು, ಬಾಯಿಂದ ಒಂದು ಗೇಣು ಕೆಳಗೆ ಕಾಲರಿಗೆ ಸಿಕ್ಕಿಸಿ. ಅಂಗಡಿಯಲ್ಲಿ ಕಾಲರ್ ಮೈಕ್ ಕೊಳ್ಳುವುದಾದರೆ ಪಿನ್ನಿನ ಮೇಲೆ ಕಪ್ಪು ಪಟ್ಟಿ ಎಣಿಸಿ. ಮೂರಿದ್ದರೆ ಫೋನಿಗೆ, ಎರಡಿದ್ದರೆ ಕ್ಯಾಮೆರಾಗೆ. ಎರಡು ಪಟ್ಟಿಯದನ್ನು ಫೋನಿಗೆ ಚುಚ್ಚಿದರೆ ಆ ಮೈಕಿನ ದನಿ ಬೀಳುವುದಿಲ್ಲ.

ಆಮೇಲೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕುಗ್ಗಿಸಿ: ಎಂಪಿ4, ಎಚ್.264 (ವಿಡಿಯೊ ಕುಗ್ಗಿಸುವ ಒಂದು ಬಗೆ), 854×480, ಸೆಕೆಂಡಿಗೆ 15 ಫ್ರೇಮ್, ದನಿ ಮೋನೊ. ಎಚ್.265 ಇನ್ನೂ ಚಿಕ್ಕದಾಗುತ್ತದೆಂಬ ಆಸೆಗೆ ಬೀಳಬೇಡಿ. ಹಳೆಯ ಫೋನಿನಲ್ಲಿ ದನಿ ಬಂದು ಚಿತ್ರ ಬರದಿರಬಹುದು.

ವಾಟ್ಸ್‌ಆ್ಯಪ್ಪೋ ಟೆಲಿಗ್ರಾಮೋ

ಪಾಠ ಸಿದ್ಧವಾದ ಮೇಲೆ ಕಳಿಸುವ ದಾರಿ ಯಾವುದು? ವಾಟ್ಸ್‌ಆ್ಯಪ್ ಎಲ್ಲರಲ್ಲೂ ಇದೆ, ಅಮ್ಮಂದಿರಿಗೂ ಬರುತ್ತದೆ. ಆದರೆ ವಿಡಿಯೊ ಎಂದೇ ಕಳಿಸಿದರೆ ಅದು ಮತ್ತೊಮ್ಮೆ ಹಿಂಡಿ ಕಳಿಸುತ್ತದೆ, ಕಷ್ಟಪಟ್ಟು ಬರೆದ ಒತ್ತಕ್ಷರ ಅಲ್ಲಿ ಹಾಳು. ಅಟ್ಯಾಚ್‌ನಲ್ಲಿ ‘ಡಾಕ್ಯುಮೆಂಟ್’ ಆರಿಸಿ ಕಳಿಸಿದರೆ ಫೈಲ್ ಇದ್ದ ಹಾಗೇ ಹೋಗುತ್ತದೆ, 2 ಜಿಬಿಯವರೆಗೂ. ನವೆಂಬರಿನಲ್ಲಿ ಹೊಸದಾಗಿ ಸೇರಿದ ಹುಡುಗನಿಗೆ ಜೂನ್ ಪಾಠಗಳು ಕಾಣುವುದಿಲ್ಲ, ಎಲ್ಲವನ್ನೂ ಮತ್ತೆ ಕಳಿಸಬೇಕು. ಫೋನ್ ತುಂಬಿತೆಂದು ಅಪ್ಪ ಅಳಿಸಿದ ಫೈಲ್ ಸ್ವಲ್ಪ ದಿನದ ಮೇಲೆ ಗ್ರೂಪಿನಿಂದ ಮತ್ತೆ ಇಳಿಯುವುದೂ ಇಲ್ಲ.

ಟೆಲಿಗ್ರಾಂ ಚಾನೆಲ್ಲಿನಲ್ಲಿ ಈ ಎರಡೂ ಕಾಟ ಇಲ್ಲ. ಎಲ್ಲವೂ ಅವರ ಸರ್ವರಿನಲ್ಲೇ ಉಳಿಯುತ್ತದೆ, ಯಾವಾಗ ಸೇರಿದರೂ ಮೊದಲ ಪಾಠದಿಂದ ಸಿಗುತ್ತದೆ, ನೋಡಿ ಅಳಿಸಿದರೂ ಮತ್ತೆ ಇಳಿಸಿಕೊಳ್ಳಬಹುದು. ಕ್ವಿಜ್ ಹಾಕಬಹುದು. 16 ಜಿಬಿಯ ಹಳೆಯ ಫೋನಿಗೆ ಇದೇ ವಾಸಿ. ಆದರೆ ಅಪರಿಚಿತರ ಮೆಸೇಜು, ಕದ್ದ ಸಿನಿಮಾಗಳ ಚಾನೆಲ್ಲು ಎಂದು ಮನೆಯವರು ಟೆಲಿಗ್ರಾಂ ಹಾಕಿಸಲು ಹಿಂದೆ ಮುಂದೆ ನೋಡುತ್ತಾರೆ. ಅವರ ಭಯ ಸುಳ್ಳಲ್ಲ. ಹಾಕಿಸಿದ ದಿನವೇ ಸೆಟ್ಟಿಂಗಿನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ, ಅಪರಿಚಿತರು ಗ್ರೂಪಿಗೆ ಸೇರಿಸದಂತೆ ಮಾಡಿಕೊಡಿ.

ನಂಬರಿನ ವಿಷಯ ವಾಟ್ಸ್‌ಆ್ಯಪ್‌ನಲ್ಲಿ ಇನ್ನೂ ಸೂಕ್ಷ್ಮ. ಮಾಮೂಲಿ ಗ್ರೂಪಿನಲ್ಲಿ ಪ್ರತಿ ಹುಡುಗಿಯ ಮನೆಯ ನಂಬರು ಎಲ್ಲ ಹುಡುಗರಿಗೂ ಕಾಣುತ್ತದೆ. ಹಳ್ಳಿಯ ಪೋಷಕರು ಮಗಳನ್ನು ಗ್ರೂಪಿನಿಂದ ತೆಗೆಸುವುದು ಹೆಚ್ಚಾಗಿ ಇದಕ್ಕೇ. ಕಮ್ಯುನಿಟಿ ಮಾಡಿ ಅದರ ಪ್ರಕಟಣೆ ಗ್ರೂಪಿನಲ್ಲಿ ಪಾಠ ಹಾಕಿದರೆ ಸದಸ್ಯರ ನಂಬರು ಪರಸ್ಪರ ಕಾಣುವುದಿಲ್ಲ.

ಮನೆಗೆಲಸ, ಕಿರುಪರೀಕ್ಷೆ

ಗೂಗಲ್ ಫಾರ್ಮ್ ಬಹು ಆಯ್ಕೆಗೆ ಮಾತ್ರ. ಉತ್ತರ ಟೈಪ್ ಮಾಡಿಸಿ ತಾನಾಗಿ ಅಂಕ ಕೊಡಿಸಲು ಹೋದರೆ ‘5’ ಸರಿ, ‘೫’ ತಪ್ಪು, ‘5 ಸೆಂ.ಮೀ.’ ಕೂಡ ತಪ್ಪು ಎನ್ನುತ್ತದೆ. ಪ್ರಶ್ನೆಯನ್ನು ನುಡಿ ತಂತ್ರಾಂಶದ ಹಳೆಯ ಆಸ್ಕಿ (ಯುನಿಕೋಡ್ ಅಲ್ಲದ) ಅಕ್ಷರದಿಂದ ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಪಿಪಿಟಿ ಆದರೆ ಪಿಡಿಎಫ್ ಮಾಡಿಯೇ ಕಳಿಸಿ. ಫಾರ್ಮಿನಲ್ಲಿ ಫೋಟೊ ಅಪ್‌ಲೋಡ್ ಪ್ರಶ್ನೆ ಇಟ್ಟರೆ ಮಕ್ಕಳು ಜಿಮೇಲ್‌ನಿಂದ ಲಾಗಿನ್ ಆಗಲೇಬೇಕು, ಫೋಟೊಗಳು ನಿಮ್ಮ 15 ಜಿಬಿ ಡ್ರೈವನ್ನು ತಿನ್ನುತ್ತವೆ.

ಹಂತಗಳಿಗೆ ಅಂಕ ಇರುವ ಲೆಕ್ಕಕ್ಕೆ ನೋಟ್‌ಬುಕ್ಕಿನ ಫೋಟೊವೇ ಗತಿ. ಗೂಗಲ್ ಕ್ಲಾಸ್‌ರೂಮ್ ಆದರೆ ಹೆಸರಿನ ಪ್ರಕಾರ ಜೋಡಿಸಿಡುತ್ತದೆ, ಫೋಟೊ ಮೇಲೇ ಗುರುತು ಹಾಕಿ ಹಿಂತಿರುಗಿಸಬಹುದು. ವಾಟ್ಸ್‌ಆ್ಯಪ್ ಆದರೆ ಪ್ರತಿ ಪುಟದ ಮೇಲ್ಭಾಗದಲ್ಲಿ ಕ್ರಮಸಂಖ್ಯೆ ಬರೆಸಿ, ವೈಯಕ್ತಿಕವಾಗಿ ತರಿಸಿಕೊಳ್ಳಿ. ಗ್ರೂಪಿಗೆ ಹಾಕಿಸಿದರೆ ಮೊದಲು ಬಂದ ಉತ್ತರವನ್ನೇ ಉಳಿದವರೆಲ್ಲ ನಕಲು ಮಾಡುತ್ತಾರೆ. ತಿದ್ದಿದ್ದನ್ನು ದನಿಯಲ್ಲಿ ಹೇಳಿ ಕಳಿಸುವುದು ಟೈಪ್ ಮಾಡುವುದಕ್ಕಿಂತ ಬೇಗ. ಐದು ನಿಮಿಷದ ವಾಯ್ಸ್ ಮೆಸೇಜು ಒಂದೆರಡು ಎಂಬಿ ಒಳಗೇ ಮುಗಿಯುತ್ತದೆ.

ಹಾಗಾದರೆ ಹಿಡಿಯಬೇಕಾದ್ದು ಯಾವುದನ್ನು? ಐವತ್ತು–ಅರವತ್ತು ಮಕ್ಕಳ ಬ್ಯಾಚಿಗೆ ವಾರಕ್ಕೆ ಆರೇಳು ರೆಕಾರ್ಡ್ ಪಾಠ, ಟೆಲಿಗ್ರಾಂ ಚಾನೆಲ್ಲಿನಲ್ಲಿ. ಅದನ್ನು ಹಾಕಿಕೊಳ್ಳದವರಿಗೆ ಅದೇ ಫೈಲು ವಾಟ್ಸ್‌ಆ್ಯಪ್ ಡಾಕ್ಯುಮೆಂಟಾಗಿ. ಸಂಶಯ ಕೇಳಲು ಭಾನುವಾರ ಬೆಳಿಗ್ಗೆ 35 ನಿಮಿಷದ ಜೂಮ್, ಅಪ್ಪನ ಫೋನು ಮನೆಯಲ್ಲೇ ಇರುವ ಹೊತ್ತಿಗೆ. ಯೂಟ್ಯೂಬ್ ಬೇಕಾಗುವುದು ನೂರು ದಾಟಿದ ಮೇಲೆ, ಪರೀಕ್ಷೆಗೆ ಮುಂಚಿನ ಪುನರಾವರ್ತನೆಗೆ. ಫೈಲಿನ ಹೆಸರು ‘ವಿಡಿಯೊ 1’ ಎಂದಿರಬಾರದು. ಅಧ್ಯಾಯದ ಸಂಖ್ಯೆ, ಅಭ್ಯಾಸದ ಸಂಖ್ಯೆ, ಲೆಕ್ಕದ ಸಂಖ್ಯೆ, ಆಮೇಲೆ ವಿಷಯ ಎಂಬ ಕ್ರಮದಲ್ಲಿ ಇಟ್ಟರೆ ಮಾರ್ಚಿನಲ್ಲಿ ಹುಡುಕುವುದು ಸುಲಭ.